ಮಗಳ ಮನೆಯ ಕಡಲು, ನಿಮ್ಮ ಮನೆಯ ಬರೆ

(ಮಡಿಕೇರಿಯ ಓದುಗರೊಬ್ಬರು ಮೂರು ಪುಟ ಬರೆದಿದ್ದಾರೆ. ಸಾರ ಇಷ್ಟು: ಮಗಳನ್ನು ಉಳ್ಳಾಲಕ್ಕೆ ಕೊಟ್ಟಿದ್ದಾರೆ. ಅಲ್ಲಿ ಮಳೆಗಾಲ ಬಂತೆಂದರೆ ಕಡಲಿಗೆ ಲೋಡುಗಟ್ಟಲೆ ಕಲ್ಲು ಸುರಿಯುತ್ತಾರೆ, ಮರುವರ್ಷ ಮತ್ತೆ ಸುರಿಯುತ್ತಾರೆ. ಇತ್ತ ತಮ್ಮ ಮನೆಯ ಹಿಂದಿನ ಬರೆಗೆ, ಅಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಬದಿಗೆ, ಕಾಂಕ್ರೀಟ್ ಗೋಡೆ ಕಟ್ಟಿಸುವ ಯೋಚನೆ. ‘ಅಲ್ಲಿ ನಿಲ್ಲದ ಗೋಡೆ ಇಲ್ಲಿ ನಿಲ್ಲುತ್ತದೆಯೇ?’)

ನಮಸ್ಕಾರ. ಕೊಡಗಿಗೆ ಕಡಲಿಲ್ಲ ನಿಜ, ಆದರೆ ನಂಟಿದೆ. ಪುಷ್ಪಗಿರಿ ಕಡೆ ಸುರಿದ ಮಳೆ ಕುಮಾರಧಾರೆಯಾಗಿ ಹರಿದು ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ನೇತ್ರಾವತಿ ಕಡಲು ಸೇರುವುದು ನಿಮ್ಮ ಮಗಳ ಊರಿನ ಪಕ್ಕದಲ್ಲೇ. ಹೊಳೆ ಹೊತ್ತು ತರುವ ಮರಳು ಅಲ್ಲಿನ ದಡಕ್ಕೆ ಊಟ ಇದ್ದ ಹಾಗೆ. ಅಣೆಕಟ್ಟು ತಡೆದಷ್ಟು, ಲಾರಿ ಹೊತ್ತಷ್ಟು ಆ ಊಟ ಕಮ್ಮಿ.

ಮಳೆಗಾಲದ ದೊಡ್ಡ ಅಲೆ ದಡದ ಮರಳನ್ನು ಒಳಗೆ ಎಳೆಯುತ್ತದೆ. ಮಳೆ ನಿಂತ ಮೇಲೆ ಸಣ್ಣ ಅಲೆ ಅದನ್ನು ವಾಪಸ್ ತಂದು ಹಾಕುತ್ತದೆ. ಜೊತೆಗೆ ಮರಳು ದಡದುದ್ದಕ್ಕೂ ಸರಿಯುತ್ತಿರುತ್ತದೆ. ಹೊಳೆ ಕಡಲು ಸೇರುವ ಅಳಿವೆಯಲ್ಲಿ ದೋಣಿಗಳಿಗೆಂದು ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಒಡ್ಡು, ಕಟ್ಟಿದರೆ ಆ ಓಡಾಟಕ್ಕೆ ಅಡ್ಡಿ. ಒಂದು ಬದಿ ಮರಳು ತುಂಬಿ, ಇನ್ನೊಂದು ಬದಿ ಬರಿದಾಗುತ್ತದೆ. ಇನ್ನು ಕಲ್ಲಿನ ಗೋಡೆ. ಅದಕ್ಕೆ ಬಡಿದ ಅಲೆ ಹಿಂದೆ ಹೋಗುವಾಗ ಗೋಡೆಯ ಬುಡವನ್ನೇ ಕೆರೆಯುತ್ತದೆ, ಕಲ್ಲು ಮರಳಲ್ಲಿ ಇಳಿಯುತ್ತದೆ. ಗೋಡೆ ಮುಗಿದಲ್ಲಿ ದಡ ಕೊರೆದು ಪಕ್ಕದವರ ತೆಂಗು ಬೀಳುತ್ತದೆ.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಲ್ಲಿ ಉಳ್ಳಾಲದಲ್ಲಿ ದಡದಿಂದ ಆಚೆ, ನೀರಿನಲ್ಲೇ ದಿಬ್ಬ ಕಟ್ಟಿದರು. ಅಲೆ ಅಲ್ಲೇ ಒಡೆದು ಸೊರಗಲಿ ಎಂದು. ಸುಮ್ನೆ ಕಲ್ಲು ಸುರಿಯುವುದಕ್ಕಿಂತ ಇದು ಜಾಣತನ ಎಂದೇ ನನ್ನ ಲೆಕ್ಕ. ಆದರೆ ಪಕ್ಕದ ಉಚ್ಚಿಲದ ಕಡೆ ಕೊರೆತ ಆಮೇಲೂ ನಿಂತಿಲ್ಲ.

ನಿಮ್ಮ ಬರೆಯ ವಿಷಯ ಬೇರೆ. ಕಡಲಿನ ನೀರು ಎದುರಿಂದ ಹೊಡೆಯುತ್ತದೆ, ಇಲ್ಲಿ ನೀರು ಗೋಡೆಯ ಬೆನ್ನ ಹಿಂದೆ ತುಂಬುತ್ತದೆ. 2018ರ ಆಗಸ್ಟ್‌ನಲ್ಲಿ, ಕೊಡವರ ಕಕ್ಕಡ ತಿಂಗಳು ಮುಗಿಯುವ ಹೊತ್ತಿಗೆ, ಜೋಡುಪಾಲ, ಮಕ್ಕಂದೂರು ಕಡೆ ಬೆಟ್ಟ ಜಾರಿದ್ದು ನೆನಪಿದೆ ಅಲ್ವಾ? ಎಡೆಬಿಡದ ಮಳೆ ಕುಡಿದು ಮಣ್ಣು ಭಾರವಾಗಿತ್ತು, ಹಿಡಿತ ಕಳೆದುಕೊಂಡಿತ್ತು. ರಸ್ತೆಗೆ, ಮನೆಗೆ ಎಂದು ನಾವು ಇಳಿಜಾರಿನ ಬುಡ ಕಡಿದದ್ದೂ ಸೇರಿಕೊಂಡಿತು.

ನೀರು ಹೊರಬರಲು ಪೈಪ್ ಬಿಡದೆ ಕಟ್ಟಿದರೆ ನೀವು ಕಟ್ಟಿಸುವುದು ಗೋಡೆಯಲ್ಲ, ಟ್ಯಾಂಕ್. ಪೈಪ್ ಇಡಿಸಿ, ಅದರ ಹಿಂದೆ ಜಲ್ಲಿ ತುಂಬಿಸಿ. ಬರೆಯ ಮೇಲ್ಗಡೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಲಾವಂಚ ನೆಟ್ಟರೆ ಮೇಲ್ಮಣ್ಣು ಹಿಡಿಯುತ್ತದೆ, ಆಳದಿಂದ ಜಾರುವುದನ್ನು ಅದು ತಡೆಯದು.

ಇಲ್ಲಿ ನಮ್ಮದೂ ಒಂದು ತಪ್ಪಿದೆ. ಹಿಂದೊಮ್ಮೆ ‘ಎಲ್ಲರೂ ಇಂಗುಗುಂಡಿ ತೋಡಿ’ ಎಂದು ಇದೇ ಪತ್ರಿಕೆಯಲ್ಲಿ ಬರೆದಿದ್ದೆವು. ಅದು ಸಮತಟ್ಟು ಜಾಗದ ಮಾತು. ಮನೆಯ ಮೇಲಿನ ಕಡಿದಾದ ಇಳಿಜಾರಿನಲ್ಲಿ ಹಾಗೆ ಮಾಡಿದರೆ ಜಾರುವ ಮಣ್ಣಿಗೆ ನಾವೇ ನೀರು ಕುಡಿಸಿದ ಹಾಗೆ. ನೀವು ತೋಡಿಸಿದ್ದರೆ ದಯವಿಟ್ಟು ಮುಚ್ಚಿಸಿ.

ನೀವು ಕಳಿಸಿದ ಫೋಟೋದಲ್ಲಿ ಬರೆಯ ಬುಡ ಒದ್ದೆಯಾಗಿದೆ. ಫೋಟೋ ಜನವರಿಯದು ಎಂದು ಅದರ ಹಿಂಬದಿಯಲ್ಲಿ ಬರೆದಿದ್ದೀರಿ. ಮಳೆ ನಿಂತು ತಿಂಗಳುಗಳಾದ ಮೇಲೂ ಅಲ್ಲಿ ಒರತೆ ಇದೆ ಎಂದರೆ ಮೇಸ್ತ್ರಿಯನ್ನಲ್ಲ, ಮೊದಲು ಮಣ್ಣು ಬಲ್ಲ ಎಂಜಿನಿಯರನ್ನು ಕರೆಸಿ. ಮಳೆಯಲ್ಲಿ ಆ ಒರತೆ ಕೆಂಪು ನೀರು ಉಗುಳತೊಡಗಿದರೆ, ಬರೆಯ ಮೇಲೆ ಬಿರುಕು ಕಂಡರೆ, ಗೋಡೆ ಇದ್ದರೂ ಮನೆ ಬಿಟ್ಟು ಹೊರಡಿ. ಅಲ್ಲಿಯ ತನಕ ಹಿಂದಿನ ಕೋಣೆಯಲ್ಲಿ ಮಲಗುವುದು ಬೇಡ.

– ಸಂಪಾದಕ