‘ನಡೆಯಲು ಕಲಿತ ಯಂತ್ರ’ ಕಳಿಸಿದವರಿಗೆ

ನಮಸ್ಕಾರ.

ನಾಲ್ಕು ಕಾಲಿನ ರೋಬೋಟ್‌ಗೆ ನಡಿಗೆ ಕಲಿಸುವ ನಿಮ್ಮ ಕೆಲಸದ ಬಗೆಗಿನ ಲೇಖನವನ್ನು ಪೂರ್ತಿ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ಕೊನೆಯ ಎರಡು ಪುಟಗಳಲ್ಲಿ ನೀವು ಹೇಳಿರುವುದನ್ನು ಕನ್ನಡದಲ್ಲಿ ನಾನು ಬೇರೆಲ್ಲೂ ಓದಿಲ್ಲ. ಅದಕ್ಕಾಗಿಯೇ ಇಷ್ಟುದ್ದದ ಉತ್ತರ.

ಮೊದಲ ಅರ್ಧವನ್ನು ತೆಗೆದುಬಿಡಿ. ಅಂಕ ಕೊಟ್ಟು ಯಂತ್ರಕ್ಕೆ ಕಲಿಸುವ ರೀಇನ್ಫೋರ್ಸ್‌ಮೆಂಟ್ ಲರ್ನಿಂಗ್‌ನ ವ್ಯಾಖ್ಯೆ, ಅದರ ಇತಿಹಾಸ, 2016ರಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ ಗೋ ಆಟದ ದಿಗ್ಗಜ ಲೀ ಸೆಡಾಲ್ ಅವರನ್ನು ಸೋಲಿಸಿದ ಕಥೆ, ಇವೆಲ್ಲ ಯಾರಿಗಾದರೂ ಸುಲಭವಾಗಿ ಸಿಗುತ್ತವೆ. ‘ಏನೇ ಮಾಡಿದರೂ ಅಂಕ ಬೀಳುತ್ತದೆ, ಹೆಚ್ಚು ಅಂಕ ತಂದ ಚಲನೆ ಉಳಿದುಕೊಳ್ಳುತ್ತದೆ’ ಎಂಬ ನಿಮ್ಮ ಒಂದು ವಾಕ್ಯ ಸಾಕು. ಅಷ್ಟು ತಿಳಿದರೆ ಓದುಗರು ನಿಮ್ಮ ಜೊತೆ ಲ್ಯಾಬಿನೊಳಗೆ ಬರಬಲ್ಲರು.

ನನ್ನ ದೊಡ್ಡ ತಕರಾರು ಬೇರೆ. ರೋಬೋಟ್ ತಾನಾಗಿಯೇ ಕಲಿಯಿತು ಎಂದು ಮತ್ತೆ ಮತ್ತೆ ಬರೆದಿದ್ದೀರಿ. ಅದು ನಿಜವಲ್ಲ, ನಿಮಗೂ ಗೊತ್ತು. ಮುಂದೆ ಸಾಗಿದರೆ ಎಷ್ಟು ಅಂಕ, ಹೆಚ್ಚು ಶಕ್ತಿ ಖರ್ಚಾದರೆ ಎಷ್ಟು ದಂಡ, ಪಾದ ಜಾರಿದರೆ ಎಷ್ಟು ಎಂದು ಗೊತ್ತುಮಾಡಿದವರು ನೀವು. ದಂಡ ಜಾಸ್ತಿಯಾದಾಗ ರೋಬೋಟ್ ಅಲುಗಾಡದೆ ನಿಂತುಬಿಟ್ಟಿತು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅಯ್ಯೋ, ಅಲ್ಲೇ ಅಲ್ಲವೇ ನೀವು ನಿಲ್ಲಬೇಕಾಗಿದ್ದದ್ದು! ನೀವು ಕೊಟ್ಟ ಲೆಕ್ಕಕ್ಕೆ ನಿಂತೇ ಇರುವುದು ಲಾಭದ ದಾರಿ, ಅದನ್ನೇ ಅದು ಹಿಡಿಯಿತು. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರಿಗೂ ಎನಿಮಲ್ (ANYmal) ಎಂಬ ನಾಲ್ಕು ಕಾಲಿನ ರೋಬೋಟ್‌ನ ವಿಷಯದಲ್ಲಿ ಇದೇ ತೊಡಕು ಎದುರಾಗಿತ್ತು. ದಂಡವನ್ನು ಮೊದಮೊದಲು ಹಗುರವಾಗಿಟ್ಟು, ಕಲಿಕೆ ಸಾಗಿದಂತೆ ಏರಿಸುತ್ತ ಹೋದದ್ದನ್ನು ಅವರು 2019ರ ಪ್ರಬಂಧದಲ್ಲಿ ವಿವರಿಸಿದ್ದಾರೆ. 2017ರಲ್ಲಿ ಓಪನ್‌ಎಐ ಸಂಸ್ಥೆ ಇನ್ನೊಂದನ್ನು ತೋರಿಸಿತು. ಮನುಷ್ಯರು ವಿಡಿಯೊ ನೋಡಿ ಮೆಚ್ಚಿದ ಚಲನೆಗೆ ಅಂಕ ಎಂದು ಇಟ್ಟಾಗ, ಸಿಮ್ಯುಲೇಶನ್‌ನ, ಎಂದರೆ ಕಂಪ್ಯೂಟರಿನೊಳಗಿನ ಅಣಕು ಲೋಕದ, ರೋಬೋಟ್ ಕೈ ವಸ್ತುವನ್ನು ಹಿಡಿಯಲೇ ಇಲ್ಲ. ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಬಂದು, ಹಿಡಿದಂತೆ ಕಾಣಿಸಿತು. ಅಂಕ ಬರೆಯುವವರ ಜವಾಬ್ದಾರಿ ಎಷ್ಟು ದೊಡ್ಡದೆಂದು ಇಂಥ ಉದಾಹರಣೆಯಿಂದ ಓದುಗರಿಗೆ ತಟ್ಟನೆ ಹೊಳೆಯುತ್ತದೆ. ನಿಮ್ಮ ಅನುಭವದಲ್ಲೂ ಇಂಥವು ಇದ್ದೇ ಇರುತ್ತವೆ, ಬರೆಯಿರಿ.

ಇನ್ನು ಕೊನೆಯ ಪುಟಗಳು. ಸಿಮ್ಯುಲೇಶನ್‌ನಲ್ಲಿ ಲಕ್ಷಣವಾಗಿ ನಡೆದ ರೋಬೋಟ್ ನಿಜವಾದ ನೆಲದ ಮೇಲೆ ಇಟ್ಟೊಡನೆ ಮೊಣಕಾಲು ನಡುಗಿಸಿತು, ಮೋಟರ್ ಮುಟ್ಟಲಾಗದಷ್ಟು ಬಿಸಿಯಾಯಿತು. ಇಷ್ಟು ಓದುವಾಗ ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. ಮುಂದಿನ ಸಾಲು: ‘ಸಿಮ್ಯುಲೇಶನ್‌ಗೆ ವಿಳಂಬವನ್ನು ಸೇರಿಸಿ ಸಮಸ್ಯೆಯನ್ನು ಪರಿಹರಿಸಲಾಯಿತು.’ ಯಾರು ಪರಿಹರಿಸಿದರು? ಆಜ್ಞೆ ಹೋದ ಕ್ಷಣಕ್ಕೂ ಮೋಟರ್ ಟಾರ್ಕ್ (ತಿರುಗಿಸುವ ಬಲ) ಕೊಟ್ಟ ಕ್ಷಣಕ್ಕೂ ನಡುವೆ ಅಂತರವಿದೆ ಎಂಬ ಅನುಮಾನ ಮೊದಲು ಯಾರಿಗೆ ಬಂತು? ಅದಕ್ಕೆ ಮುಂಚೆ ಗೇರ್‌ಬಾಕ್ಸಿನ ಘರ್ಷಣೆಯನ್ನು ದೂರಿದಿರಾ, ನೆಲದ ಜಾರಿಕೆಯನ್ನೇ? ಅಳೆದದ್ದು ಹೇಗೆ? ಎನಿಮಲ್ ತಂಡವಂತೂ ಮೋಟರನ್ನು ಸೂತ್ರದಲ್ಲಿ ಹಿಡಿಯುವ ಯೋಚನೆ ಬಿಟ್ಟು, ನಿಜವಾದ ಕೀಲುಗಳಿಂದ ದತ್ತಾಂಶ ಸಂಗ್ರಹಿಸಿ, ಮೋಟರ್‌ನ ನಡವಳಿಕೆಗೆಂದೇ ದತ್ತಾಂಶದಿಂದ ಕಲಿಯುವ ಬೇರೊಂದು ಪ್ರೋಗ್ರಾಂಗೆ (ನ್ಯೂರಲ್ ನೆಟ್‌ವರ್ಕ್) ಕಲಿಸಿ ಸಿಮ್ಯುಲೇಟರ್‌ನೊಳಗೆ ಕೂರಿಸಿತು. ನೀವು ಆರಿಸಿಕೊಂಡ ದಾರಿ ಅದಕ್ಕಿಂತ ಸರಳ. ಅದನ್ನೇ ಯಾಕೆ ಆರಿಸಿದಿರಿ ಎನ್ನುವುದು ಈ ಲೇಖನದ ಜೀವ. ಇದಕ್ಕೆ ಎರಡು ಪುಟ ಕೊಟ್ಟರೂ ನಾನು ಕತ್ತರಿ ಹಾಕುವುದಿಲ್ಲ.

‘ಕೆಲವೇ ನಿಮಿಷಗಳಲ್ಲಿ ನಡಿಗೆ ಕಲಿಯುತ್ತವೆ’ ಎಂಬ ನಿಮ್ಮ ಮಾತಿಗೆ ಆಧಾರ ಉಂಟು. ಒಂದೇ ಜಿಪಿಯುನಲ್ಲಿ (ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್) ಸಿಮ್ಯುಲೇಶನ್‌ನ ಸಾವಿರಾರು ರೋಬೋಟ್‌ಗಳನ್ನು ಒಟ್ಟಿಗೆ ಓಡಿಸಿ, ಸಮತಟ್ಟು ನೆಲದ ನಡಿಗೆಯನ್ನು 4 ನಿಮಿಷಕ್ಕಿಂತ ಕಡಿಮೆ ಅವಧಿಯಲ್ಲಿ ಕಲಿಸಿದ್ದನ್ನು 2021ರಲ್ಲಿ ಸಂಶೋಧಕರು ತೋರಿಸಿದ್ದಾರೆ. ಆದರೆ ಅಂಕಗಳನ್ನು ತಿದ್ದಿ ತೀಡಿದ ಕಾಲ ಆ ನಿಮಿಷಗಳಲ್ಲಿ ಸೇರಿಲ್ಲ ಎಂದು ನೀವು ಹೇಳದಿದ್ದರೆ, ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರು ಮೋಸ ಹೋಗುತ್ತಾರೆ.

‘ಇನ್ನು ಐದು ವರ್ಷಗಳಲ್ಲಿ ಮನೆಮನೆಗೂ ರೋಬೋಟ್’ ಎಂಬ ಪ್ಯಾರಾ ಖಂಡಿತ ಬೇಡ. 2019ರಲ್ಲಿ ರೂಬಿಕ್ಸ್ ಕ್ಯೂಬ್ ಬಿಡಿಸಿ ಸುದ್ದಿಯಾದ ಓಪನ್‌ಎಐನ ರೋಬೋಟ್ ಕೈ, ಅತಿ ಕಠಿಣವಾಗಿ ಕಲಸಿದ ಕ್ಯೂಬನ್ನು ಬಿಡಿಸಿದ್ದು ಶೇ. 20ರಷ್ಟು ಸಲ ಮಾತ್ರ. ಅದನ್ನು ಆ ತಂಡವೇ ಹೇಳಿಕೊಂಡಿತು. ನೀವೂ ಅಷ್ಟೇ ನೇರವಾಗಿ ಹೇಳಿ.

ಹೊಸ ಪ್ರತಿಯನ್ನು ಮೊಣಕಾಲು ನಡುಗಿದಲ್ಲಿಂದ ಶುರುಮಾಡಿ. ಕಂಪನಿಯ ಹೆಸರು ಬೇಡ. ಒಪ್ಪಿಗೆ ಪಡೆಯಬೇಕಾದ ವಿವರಗಳಿದ್ದರೆ ಮೊದಲೇ ಪಡೆದುಕೊಳ್ಳಿ. ವಿಳಂಬ ಎಷ್ಟು ಮಿಲಿಸೆಕೆಂಡ್ ಇತ್ತೆಂಬ ಅಂಕಿ ಮಾತ್ರ ನನಗೆ ಬೇಕೇ ಬೇಕು. ಅದನ್ನು ಕೊಡಲು ಸಾಧ್ಯವೇ ಎಂದು ಬರೆಯುವ ಮೊದಲೇ ತಿಳಿಸಿ.