ತೋಟದ ಭೇಟಿಗೆ ದಿನ ಗೊತ್ತುಮಾಡುವುದು ಮಳೆ

ಪ್ರಶ್ನೆ: ನಾನು ಹಾಸನದ ಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಕಳೆದ ವರ್ಷ ಫೆಬ್ರವರಿ ಮಧ್ಯದಲ್ಲಿ ಐದನೆಯ ತರಗತಿಯ ಮಕ್ಕಳನ್ನು ಸಕಲೇಶಪುರದ ಕಡೆಯ ಕಾಫಿ ತೋಟವೊಂದಕ್ಕೆ ಕರೆದೊಯ್ದಿದ್ದೆವು. ಓಡಾಡಿದರು, ಊಟ ಮಾಡಿದರು, ಫೋಟೊ ತೆಗೆಸಿಕೊಂಡರು. ಮರುದಿನ ಏನು ನೋಡಿದಿರಿ ಎಂದು ಕೇಳಿದರೆ ‘ಗಿಡ’ ಎಂದಷ್ಟೇ ಹೇಳಿದರು. ಈ ಸಲದ ಭೇಟಿ ಪಾಠವಾಗಬೇಕಾದರೆ ಏನು ಮಾಡಬೇಕು?

ಉತ್ತರ: ಮಕ್ಕಳ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಕೊಯ್ಲು ಮುಗಿದು ಹೂ ಅರಳುವ ಮುನ್ನ ಹೋದದ್ದರಿಂದ ಅವರ ಕಣ್ಣಿಗೆ ಬಿದ್ದದ್ದು ಗಿಡವೇ. ಬಹುತೇಕ ಶಾಲೆಗಳು ಮೊದಲು ದಿನಾಂಕ ಗೊತ್ತುಮಾಡಿ, ಬಸ್ಸು ಹೇಳಿ, ಕೊನೆಯಲ್ಲಿ ತೋಟ ಹುಡುಕುತ್ತವೆ. ಕಾಫಿಯ ವಿಷಯದಲ್ಲಿ ಈ ಕ್ರಮ ತಲೆಕೆಳಗು. ಫೆಬ್ರವರಿ, ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೀಳುವ ಮೊದಲ ಹದವಾದ ಮಳೆಯನ್ನು ನಮ್ಮ ಬೆಳೆಗಾರರು ಹೂಮಳೆ ಎನ್ನುತ್ತಾರೆ. ಬಿಸಿಲಿನಲ್ಲಿ ಬಾಡಿ ನಿದ್ರಿಸುತ್ತಿದ್ದ ಮೊಗ್ಗುಗಳು ಆ ನೀರು ಬಿದ್ದ ಎಂಟರಿಂದ ಹತ್ತು ದಿನಗಳಲ್ಲಿ ತೋಟವಿಡೀ ಒಟ್ಟಿಗೆ ಅರಳಿ, ಎರಡು ಮೂರು ದಿನಗಳಲ್ಲಿ ಕಂದು ಬಣ್ಣಕ್ಕೆ ತಿರುಗುತ್ತವೆ. ಆದುದರಿಂದ ಬೆಳೆಗಾರರೊಬ್ಬರನ್ನು ಮೊದಲು ಪರಿಚಯ ಮಾಡಿಕೊಂಡು, ಮಳೆ ಬಿದ್ದ ದಿನವೇ ತಿಳಿಸುವಂತೆ ಕೇಳಿಕೊಳ್ಳಿ. ಪರೀಕ್ಷೆಯ ವೇಳಾಪಟ್ಟಿ ಅಡ್ಡ ಬರುವುದಾದರೆ, ಸ್ಪ್ರಿಂಕ್ಲರ್‌ನಿಂದ ನೀರು ಕೊಡುವ ರೊಬಸ್ಟಾ ಎಂಬ ಬಗೆಯ ಕಾಫಿಯ ತೋಟವನ್ನು ಆರಿಸಿಕೊಳ್ಳಿ. ಅಲ್ಲಿ ನೀರು ಹಾಯಿಸುವ ದಿನ ಮೊದಲೇ ಗೊತ್ತಿರುವುದರಿಂದ ಹೂವಿನ ದಿನವನ್ನೂ ಲೆಕ್ಕ ಹಾಕಬಹುದು. ಆ ಲೆಕ್ಕವನ್ನು ತರಗತಿಯ ಕಪ್ಪುಹಲಗೆಯ ಮೇಲೆ ಮಕ್ಕಳೇ ಹಾಕಲಿ.

ತೋಟದಲ್ಲಿ ಎಲ್ಲವನ್ನೂ ತೋರಿಸುವ ಆಸೆಯನ್ನು ದಯವಿಟ್ಟು ಬಿಡಿ. ಐದು ಮಕ್ಕಳಿಗೆ ಒಂದು ಗಿಡ, ಆ ಗಿಡದಲ್ಲಿ ಒಂದೇ ರೆಕ್ಕೆ, ಅಂದರೆ ಅಡ್ಡಕ್ಕೆ ಚಾಚಿದ ಒಂದು ಕೊಂಬೆ, ಸಾಕು. ರೆಕ್ಕೆಗೆ ಕೆಂಪು ಉಲ್ಲನ್ ದಾರ ಕಟ್ಟಿ, ಗೆಣ್ಣುಗಳನ್ನು ಎಣಿಸಿ, ಪ್ರತಿ ಗೆಣ್ಣಿನಲ್ಲಿ ಎಷ್ಟು ಹೂವಿದೆ ಎಂದು ಬರೆದುಕೊಳ್ಳಲಿ. ಅರಳುವ ಹಿಂದಿನ ದಿನವೇ ಹೋದರೂ ನಷ್ಟವಿಲ್ಲ: ಬಿಳಿ ಮೊಗ್ಗುಗಳು ಸಣ್ಣ ಮೇಣದಬತ್ತಿಗಳಂತೆ ನೆಟ್ಟಗೆ ನಿಂತಿರುತ್ತವೆ, ಮಕ್ಕಳು ಅದನ್ನು ಮರೆಯುವುದಿಲ್ಲ. ಕಾಫಿಯ ಇನ್ನೊಂದು ಬಗೆಯಾದ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು, ಅದನ್ನು ಗಾಳಿ ಮತ್ತು ಜೇನು ತರುತ್ತವೆ ಎಂಬುದನ್ನು ಅಲ್ಲೇ ನಿಂತು ಹೇಳಿದರೆ, ಹೂವಿನ ಹೊತ್ತಿನಲ್ಲಿ ಬೆಳೆಗಾರ ಔಷಧಿ ಸಿಂಪಡಿಸಲು ಏಕೆ ಹಿಂಜರಿಯುತ್ತಾನೆ ಎಂಬುದು ತಾನಾಗಿ ಅರ್ಥವಾಗುತ್ತದೆ. ವಿವರಣೆಯನ್ನು ಮಾಲೀಕರಿಗಿಂತ ತೋಟದ ಮೇಸ್ತ್ರಿಯಿಂದಲೋ ಚಿಗುರು ತೆಗೆಯುವ ಹೆಂಗಸರಿಂದಲೋ ಕೊಡಿಸಿ. ಗಿಡವನ್ನು ದಿನವೂ ಮುಟ್ಟುವವರು ಅವರೇ. ರೊಬಸ್ಟಾ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು ಬೇಕಾಗುವುದರಿಂದ, ಆರನೆಯ ತರಗತಿಯಲ್ಲಿರುವಾಗ ಜನವರಿಯಲ್ಲಿ ಅದೇ ಮಕ್ಕಳನ್ನು ಅದೇ ದಾರದ ಬಳಿಗೆ ಕರೆದೊಯ್ದು, ಎಷ್ಟು ಹೂವು ಹಣ್ಣಾಯಿತು ಎಂದು ಎಣಿಸಲು ಹೇಳಿ.

ಪ್ರಶ್ನೆ: ಕೊಪ್ಪದ ಕಡೆಯ ತೋಟಕ್ಕೆ ಮಗಳ ಶಾಲೆಯವರು ಮಾರ್ಚ್‌ನಲ್ಲಿ ಹೊರಟಿದ್ದಾರೆ. ಕಳಿಸಲು ಭಯವಾಗುತ್ತದೆ. (ಚಿಕ್ಕಮಗಳೂರಿನ ತಾಯಿಯೊಬ್ಬರು)

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ, ಆದರೆ ಅದು ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳಲು ಕಾರಣವಾಗಬೇಕಿಲ್ಲ. ಉಣುಗುಗಳಿಂದ ಹರಡುವ ಮಂಗನ ಕಾಯಿಲೆ ಮಲೆನಾಡಿನಲ್ಲಿ ಬೇಸಿಗೆಯ ಆರಂಭದ ತಿಂಗಳುಗಳಲ್ಲಿಯೇ ಹೆಚ್ಚು. ಭೇಟಿಯ ಊರಿನ ಸುತ್ತ ಪ್ರಕರಣಗಳಿವೆಯೇ, ಮಂಗಗಳು ಸತ್ತಿವೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶಾಲೆಯವರು ವಿಚಾರಿಸಲೇಬೇಕು. ಇದ್ದರೆ ಬೇರೆ ಊರು ನೋಡಲಿ. ಮಗಳಿಗೆ ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಮುಚ್ಚಿದ ಬೂಟು ಹಾಕಿ. ಸಂಜೆ ಬಿಸಿನೀರಿನಲ್ಲಿ ಸ್ನಾನ ಮಾಡಿಸಿ, ಕಿವಿಯ ಹಿಂಭಾಗ, ಕಂಕುಳು, ಮೊಣಕಾಲಿನ ಸಂದುಗಳನ್ನು ನೀವೇ ನೋಡಿ. ಹೆಜ್ಜೇನು ಕಟ್ಟಿರುವ ಮರದ ಕಡೆಗೆ ಮಕ್ಕಳನ್ನು ಬಿಡಬಾರದೆಂದು ಶಿಕ್ಷಕರಿಗೂ ಒಂದು ಮಾತು ಹೇಳಿ.

ಪ್ರಶ್ನೆ: ನಮ್ಮದು ಅರಸೀಕೆರೆಯ ಶಾಲೆ. ಮಲೆನಾಡು ದೂರವಾಗುತ್ತದೆ. ಹತ್ತಿರದಲ್ಲಿ ನೋಡುವಂಥದ್ದು ಏನಿದೆ?

ಉತ್ತರ: ಅಜ್ಜಂಪುರದಲ್ಲಿ ಅಮೃತ ಮಹಲ್ ಎಂಬ ದನದ ತಳಿಯ ಸಂವರ್ಧನಾ ಕೇಂದ್ರವಿದೆ, ಹಾಸನದ ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಮೊದಲೇ ಪತ್ರ ಬರೆದು ಅನುಮತಿ ಪಡೆಯಿರಿ. ಆದರೆ ನನ್ನನ್ನು ಕೇಳಿದರೆ, ನಿಮ್ಮ ಊರಿನ ತೆಂಗಿನ ತೋಟಕ್ಕೇ ಹೋಗಿ. ಒಳ್ಳೆಯ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ, ಹೂವು ಬಲಿತ ಕಾಯಾಗಲು ಸುಮಾರು ಒಂದು ವರ್ಷ ಹಿಡಿಯುತ್ತದೆ. ಹಾಗಾಗಿ ಒಂದೇ ಮರದಲ್ಲಿ ಹನ್ನೆರಡು ತಿಂಗಳೂ ಜೊತೆಯಲ್ಲಿ ತೂಗುತ್ತಿರುತ್ತವೆ. ಮರ ಹತ್ತುವವರಿಂದ ಪ್ರತಿ ಗೊನೆಯಿಂದ ಒಂದೊಂದನ್ನು ಇಳಿಸಿ, ಅಂಗಿಯ ಗುಂಡಿಯಷ್ಟಿರುವ ಹರಳಿನಿಂದ (ಎಳೆಯ ಮಿಡಿಯಿಂದ) ಹಿಡಿದು ಎಳನೀರು, ಬಲಿತ ಕಾಯಿಯವರೆಗೆ ನೆಲದ ಮೇಲೆ ಸಾಲಾಗಿ ಇಟ್ಟು, ಯಾವುದು ಯಾವ ತಿಂಗಳದು ಎಂದು ಮಕ್ಕಳಿಂದಲೇ ಹೇಳಿಸಿ.