ಮಗಳಿಗೆ ಎಂತಹ ಚಿತ್ರಕಲಾ ತರಗತಿ?

ಪ್ರಶ್ನೆ: ಏಳು ವರ್ಷದ ನನ್ನ ಮಗಳು ಸದಾ ಚಿತ್ರ ಬಿಡಿಸುತ್ತಿರುತ್ತಾಳೆ. ಹತ್ತಿರದ ತರಗತಿಯೊಂದರಲ್ಲಿ ಈಗಿನಿಂದಲೇ ಲೋವರ್ ಗ್ರೇಡ್ ಪರೀಕ್ಷೆಗೆ, ಅಂದರೆ ಸರ್ಕಾರದ ಚಿತ್ರಕಲಾ ಪರೀಕ್ಷೆಯ ಮೊದಲ ಹಂತಕ್ಕೆ, ತಯಾರು ಮಾಡುತ್ತೇವೆ ಎನ್ನುತ್ತಾರೆ. ಸೇರಿಸಬಹುದೇ?
– ಒಬ್ಬ ತಾಯಿ, ಬೆಂಗಳೂರು

ಉತ್ತರ: ಈಗಲೇ ಬೇಡವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಗ್ರೇಡ್ ಪರೀಕ್ಷೆಗಳು ಕೈಯ ಹತೋಟಿಯನ್ನೂ ಅಳತೆಯ ಶಿಸ್ತನ್ನೂ ಬೇಡುವುದರಿಂದ ಪ್ರೌಢಶಾಲೆಯ ವಯಸ್ಸಿಗೆ ಹೊಂದುತ್ತವೆ. ಏಳರ ಮಗುವಾದರೋ ಕಣ್ಣಿಗೆ ಕಂಡದ್ದಕ್ಕಿಂತ ತನಗೆ ಗೊತ್ತಿರುವುದನ್ನು ಬರೆಯುತ್ತದೆ. ಮನೆಗಿಂತ ದೊಡ್ಡದಾಗಿ ಅಮ್ಮನನ್ನು ಬಿಡಿಸುವುದು, ಗೋಡೆಯ ಹೊರಗಿನಿಂದಲೇ ಒಳಗಿನ ಮಂಚವನ್ನು ಕಾಣಿಸುವುದು ತಪ್ಪಲ್ಲ, ಬೆಳವಣಿಗೆಯ ಸಹಜ ಹಂತ. ಇದನ್ನು ತಿದ್ದಹೊರಟರೆ ಮಗು ಬಿಡಿಸುವುದನ್ನೇ ನಿಲ್ಲಿಸಬಹುದು ಎಂಬುದೇ ನನ್ನ ಆತಂಕ.

ಹಣ ಕಟ್ಟುವ ಮೊದಲು ತರಗತಿಯಲ್ಲಿ ಒಂದು ಗಂಟೆ ಕುಳಿತು ನೋಡಿ. ಗೋಡೆಯ ಮೇಲಿನ ಎಲ್ಲ ಮಕ್ಕಳ ಚಿತ್ರಗಳಲ್ಲೂ ಅದೇ ಎರಡು ಬೆಟ್ಟ, ನಡುವೆ ಅದೇ ಸೂರ್ಯ ಇದ್ದರೆ ಅಲ್ಲಿ ನಡೆಯುತ್ತಿರುವುದು ನಕಲು. ಶಿಕ್ಷಕರು ಮಗುವಿನ ಹಾಳೆಯ ಮೇಲೆ ತಾವೇ ಕುಂಚ ಆಡಿಸುವರೇ ಎಂಬುದನ್ನೂ ಗಮನಿಸಿ. ಪ್ರದರ್ಶನಕ್ಕಾಗಿ ಹಾಗೆ ಮಾಡುವವರಿದ್ದಾರೆ. ದೊಡ್ಡ ಹಾಳೆ, ಕ್ರೇಯಾನ್, ಪೋಸ್ಟರ್ ಬಣ್ಣ, ಜೇಡಿಮಣ್ಣು ಕೊಟ್ಟು, ಬಿಡಿಸಿದ್ದರ ಬಗ್ಗೆ ಮಗುವನ್ನು ಮಾತನಾಡಿಸುವ ಶಿಕ್ಷಕರು ಸಿಕ್ಕರೆ ವಾರಕ್ಕೊಂದು ತರಗತಿ ಸಾಕು.

ಕಬ್ಬನ್ ಉದ್ಯಾನದ ಬಾಲಭವನದಲ್ಲಿ ಬೇಸಿಗೆ ಶಿಬಿರಗಳು ನಡೆಯುತ್ತವೆ, ವಿಚಾರಿಸಿ. ಜನವರಿಯಲ್ಲಿ ಚಿತ್ರಕಲಾ ಪರಿಷತ್ತು ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೂ ಅವಳನ್ನು ಕರೆದೊಯ್ಯಿರಿ. ಹತ್ತು ಹನ್ನೊಂದು ದಾಟಿದ ಮೇಲೆ ದೂರದ್ದನ್ನು ಚಿಕ್ಕದಾಗಿ ತೋರಿಸುವುದು ಹೇಗೆಂದು ಅವಳೇ ಕೇಳತೊಡಗಿದಾಗ ಗ್ರೇಡ್ ತರಗತಿಯ ವಿಚಾರ ಮಾಡಬಹುದು.